ಟಿಪ್ಪು ಬಿಟ್ಟುಹೋದ ಕುದುರೆ ಲಾಯ: ಗಜಲಹಟ್ಟಿ ಕಣಿವೆಯಿಂದ ಕುಣಿಗಲ್ ಫಾರಂವರೆಗೆ

ಚಾಮರಾಜನಗರ: ನಮ್ಮ ಕಡೆ ಹಳ್ಳಿಕಾರ್ ಹೋರಿ ಕೊಳ್ಳೋಕೆ ಹೋದವರು ಮೊದಲು ಕೇಳೋದು ಒಂದೇ ಮಾತು, ಇದು ಯಾವ ಬೀಜದ್ದು ಅಂತ. ಜಾತ್ರೆಯಲ್ಲಿ ಬಹುಮಾನ ಗೆದ್ದ ಹೋರಿಯ ಕರು ಅಂದ್ರೆ ಬೆಲೆ ಏರುತ್ತೆ. ರೇಸ್ ಕುದುರೆ ವ್ಯಾಪಾರವೂ ಇದೇ ಲೆಕ್ಕದ ಮೇಲೆ ನಿಂತಿದೆ. ರಾಜ್ಯದಲ್ಲಿ ಈ ವ್ಯಾಪಾರದ ಹಳೇ ಬೇರು ಹುಡುಕಿಕೊಂಡು ಹೋದರೆ ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ಸಿಗುತ್ತೆ. ಅದರ ಜೊತೆ ತಳುಕು ಹಾಕಿಕೊಂಡಿರೋ ಹೆಸರು ಟಿಪ್ಪು ಸುಲ್ತಾನ್.

ಟಿಪ್ಪು ಬಗ್ಗೆ ಪರ ವಿರೋಧ ಎರಡೂ ಇದೆ. ಕೊಡಗು, ಮಲಬಾರ್, ಮೇಲುಕೋಟೆ ಕಡೆಯವರ ನೆನಪು ಬೇರೆ, ಬ್ರಿಟಿಷರ ವಿರುದ್ಧ ಹೋರಾಡಿ ಸತ್ತವನು ಅನ್ನೋರ ನೆನಪು ಬೇರೆ. ಆ ಜಗಳ ಈ ಬರಹದಲ್ಲಿ ತೀರುವಂಥದ್ದಲ್ಲ. ಇಲ್ಲಿ ಹೇಳ್ತಿರೋದು ಅವನ ಬದುಕಿನಲ್ಲಿ ಕುದುರೆ, ಎತ್ತು, ತಳಿ ಅನ್ನೋದು ಎಷ್ಟು ದೊಡ್ಡ ವಿಷಯವಾಗಿತ್ತು ಅನ್ನೋದನ್ನ. ಅದರಲ್ಲಿ ನಮ್ಮ ಜಿಲ್ಲೆಯ ಪಾಲೂ ಇದೆ.

ಕುದುರೆ ಮೇಲೆ ಬೆಳೆದ ಹುಡುಗ

ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ಅಪ್ಪ ಹೈದರ್ ಅಲಿ ಓದು ಬರಹ ಬಾರದವನು, ಆದರೆ ಕುದುರೆ ಪಡೆ ನಡೆಸೋದರಲ್ಲಿ ಅವನನ್ನ ಮೀರಿಸೋರು ಆಗ ದಕ್ಷಿಣದಲ್ಲಿ ಕಡಿಮೆ. ಮೊದಲ ಮೈಸೂರು ಯುದ್ಧದಲ್ಲಿ, 1767ರಲ್ಲಿ, ಟಿಪ್ಪು ಇನ್ನೂ ಮೀಸೆ ಚಿಗುರದ ಹುಡುಗ. ಆಗಲೇ ಕುದುರೆ ಪಡೆ ಕಟ್ಟಿಕೊಂಡು ಮದ್ರಾಸಿನ ಹೊರವಲಯದವರೆಗೆ ನುಗ್ಗಿದ್ದ. 1769ರಲ್ಲಿ ಹೈದರ್ ತನ್ನ ಕಾಲಾಳು, ಫಿರಂಗಿ ಎಲ್ಲವನ್ನೂ ಹಿಂದೆ ಬಿಟ್ಟು ಸುಮಾರು 6000 ಸವಾರರ ಜೊತೆ ಮದ್ರಾಸ್ ಬಾಗಿಲಿಗೇ ಹೋಗಿ ನಿಂತ. ಕಂಪನಿಯವರು ಬೇರೆ ದಾರಿ ಇಲ್ಲದೆ ಒಪ್ಪಂದಕ್ಕೆ ಬಂದರು. ಓಡೋ ಕುದುರೆ ಇದ್ದರೆ ಯುದ್ಧ ಹೇಗೆ ತಿರುಗುತ್ತೆ ಅನ್ನೋದನ್ನ ಮಗ ಕಣ್ಣಾರೆ ಕಂಡ.

ದೊಡ್ಡವನಾದ ಮೇಲೂ ಟಿಪ್ಪುಗೆ ಪಲ್ಲಕ್ಕಿ ಅಂದ್ರೆ ಆಗ್ತಿರಲಿಲ್ಲ. ಓಡಾಟ ಎಲ್ಲ ಕುದುರೆ ಮೇಲೇ. ಸವಾರಿಯಲ್ಲಿ ಒಳ್ಳೆ ಕೈ ಅನ್ನೋದನ್ನ ಅವನನ್ನ ಕಂಡರೆ ಆಗದ ಇಂಗ್ಲಿಷ್ ಬರಹಗಾರರೂ ಒಪ್ಪಿಕೊಂಡಿದ್ದಾರೆ. 1782ರ ಡಿಸೆಂಬರ್‌ನಲ್ಲಿ ಹೈದರ್ ಚಿತ್ತೂರು ಹತ್ತಿರದ ಪಾಳೆಯದಲ್ಲಿ ತೀರಿಕೊಂಡಾಗ ಟಿಪ್ಪು ಮಲಬಾರಿನಲ್ಲಿದ್ದ. ಪೂರ್ಣಯ್ಯ ಮತ್ತು ಉಳಿದ ಅಧಿಕಾರಿಗಳು ಸಾವಿನ ಸುದ್ದಿ ಮುಚ್ಚಿಟ್ಟು ಅವನು ಬರೋವರೆಗೆ ಸೈನ್ಯ ಚದುರದಂತೆ ನೋಡಿಕೊಂಡರು.

ಅರಿಕುಠಾರದ ಅರಸ

ಹೈದರ್, ಟಿಪ್ಪು ಆಳಿದರೂ ಹೆಸರಿಗೆ ಮೈಸೂರಲ್ಲಿ ಒಡೆಯರ್ ಅರಸರು ಇದ್ದರು. 1776ರಲ್ಲಿ ಪಟ್ಟಕ್ಕೆ ಬಂದ ಚಾಮರಾಜ ಒಡೆಯರ್ ಹುಟ್ಟಿದ್ದು ಅರಿಕುಠಾರದಲ್ಲಿ, ಅಂದ್ರೆ ಇವತ್ತಿನ ಚಾಮರಾಜನಗರದಲ್ಲಿ. 1796ರಲ್ಲಿ ಅವರು ತೀರಿಕೊಂಡ ಮೇಲೆ ಟಿಪ್ಪು ಇನ್ನೊಬ್ಬರನ್ನ ಪಟ್ಟಕ್ಕೆ ಕೂರಿಸಲಿಲ್ಲ. 1799ರ ನಂತರ ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರ್ ಗದ್ದುಗೆಗೆ ಬಂದರು. ಅಪ್ಪನ ನೆನಪಿಗೆ ಊರಿನ ಹೆಸರು ಬದಲಾಯಿಸಿ, 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು. ನಮ್ಮ ಊರಿನ ಹೆಸರಿನ ಹಿಂದಿರೋದು ಟಿಪ್ಪು ಕಾಲದ ಅರಸರೇ.

ನೆಲದ ನಂಟೂ ಇದೆ. ತಾಳವಾಡಿ, ತಲಮಲೈ ಕಡೆಯಿಂದ ಮೋಯಾರ್ ನದಿಗೆ ಇಳಿಯೋ ಗಜಲಹಟ್ಟಿ ಕಣಿವೆ ಆಗ ಮೈಸೂರಿನಿಂದ ಕೊಯಮತ್ತೂರಿಗೆ ಸೈನ್ಯ ಇಳಿಯೋ ದಾರಿ. 1790ರ ಸೆಪ್ಟೆಂಬರ್‌ನಲ್ಲಿ ಟಿಪ್ಪು ಇದೇ ಕಣಿವೆ ಇಳಿದು ಸತ್ಯಮಂಗಲದಲ್ಲಿದ್ದ ಕರ್ನಲ್ ಫ್ಲಾಯ್ಡ್ ಪಡೆ ಮೇಲೆ ಬಿದ್ದ. ಫ್ಲಾಯ್ಡ್ ಜಾಗ ಖಾಲಿ ಮಾಡಿ ಹಿಂದೆ ಸರಿಯಬೇಕಾಯ್ತು. ಆ ಇಳಿಜಾರಿನಲ್ಲಿ ಫಿರಂಗಿ ಎಳೆದು ಇಳಿಸೋಕೆ ಗಟ್ಟಿ ಎತ್ತು ಬೇಕು, ಕಲ್ಲುದಾರಿಯಲ್ಲಿ ಕಾಲು ಮುರಿಯದ ಕುದುರೆ ಬೇಕು. ಇಂಥ ಪ್ರಾಣಿಗಳು ಬೇಕು ಅಂದಾಕ್ಷಣ ಸಂತೆಯಲ್ಲಿ ಸಿಗಲ್ಲ. ವರ್ಷಗಟ್ಟಲೆ ತಳಿ ಕಟ್ಟಬೇಕು.

ಎತ್ತು, ಕುದುರೆ, ರೇಷ್ಮೆ

ಎತ್ತಿನ ವಿಷಯದಲ್ಲಿ ಅಡಿಪಾಯ ಮೊದಲೇ ಇತ್ತು. ಚಿಕ್ಕದೇವರಾಜ ಒಡೆಯರ್ ಕಾಲದ ಬೆಣ್ಣೆ ಚಾವಡಿಯನ್ನ ಹೈದರ್ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತ್ ಮಹಲ್ ಅಂತ ಹೆಸರಿಟ್ಟು ಕಟ್ಟುನಿಟ್ಟು ಮಾಡಿದ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದೂ ವಾಪಸ್ ಹೋಗಿದ್ದು ಯಾಕೆ ಅಂತ ನೋಡಿದರೆ ಈ ತಳಿಗಳ ಬೆಲೆ ತಿಳಿಯುತ್ತೆ. ಮಳೆ, ಮೇವಿಲ್ಲ, ರೋಗ. ಎತ್ತುಗಳು ಸತ್ತುಬಿದ್ದವು. ಎಳೆಯೋರಿಲ್ಲದ ದೊಡ್ಡ ಫಿರಂಗಿಗಳನ್ನ ಅವನು ತಾನೇ ಒಡೆಸಿ ಹಾಕಿ ಹಿಂದೆ ಹೋದ.

ಕುದುರೆಗೆ ನಮ್ಮ ನಾಡಿನ ಹವೆ ಅಷ್ಟು ಒಗ್ಗಲ್ಲ. ವಿಜಯನಗರದ ಕಾಲದಿಂದಲೂ ಒಳ್ಳೆ ಕುದುರೆ ಅಂದ್ರೆ ಅರಬ್ ಕಡೆಯಿಂದ ಹಡಗಲ್ಲಿ ಬರಬೇಕು, ದುಡ್ಡು ಸುರಿಯಬೇಕು. ಟಿಪ್ಪು ಮಸ್ಕತ್‌ನಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ. ಆದರೆ ಎಷ್ಟು ದಿನ ಅಂತ ಕೊಂಡು ತರೋದು? ಅರಬ್ ಗಂಡು ಕುದುರೆಗೆ ಮರಾಠಾ ಕಡೆಯ ಗಟ್ಟಿ ಹೆಣ್ಣು ಕುದುರೆ ಕೂಡಿಸಿ ಇಲ್ಲೇ ಮರಿ ಹಾಕಿಸೋ ಕೆಲಸ ಶುರುವಾಯ್ತು. ಕುಣಿಗಲ್ ಲಾಯದ ಹುಟ್ಟನ್ನ 1790ರ ಆಸುಪಾಸಿನ ಈ ಪ್ರಯತ್ನಕ್ಕೇ ಜೋಡಿಸಿ ಹೇಳ್ತಾರೆ. ಬಂಗಾಳ, ಮಸ್ಕತ್‌ನಿಂದ ರೇಷ್ಮೆ ಹುಳು ತರಿಸಿದ್ದೂ ಇದೇ ಬುದ್ಧಿ. ಚಾಮರಾಜನಗರ, ಕೊಳ್ಳೇಗಾಲದಲ್ಲಿ ರೇಷ್ಮೆ ಗೂಡು ಬೆಳೆಯೋರಿಗೆ ಇದು ಹೊಸ ಸುದ್ದಿಯೇನಲ್ಲ.

ಆದರೆ ಒಂದು ವಿಚಿತ್ರ ಇದೆ. ಇಷ್ಟೆಲ್ಲ ಮಾಡಿದ ಟಿಪ್ಪು, ಅಪ್ಪನಷ್ಟು ಕುದುರೆ ಪಡೆಯನ್ನ ನೆಚ್ಚಲಿಲ್ಲ. ಯುರೋಪಿನ ರೀತಿ ಕವಾಯತು ಕಲಿತ ಕಾಲಾಳು, ಕೋಟೆ, ಫಿರಂಗಿ ಕಡೆ ಅವನ ಗಮನ ಹೆಚ್ಚಾಯ್ತು. ಹೈದರ್ ಬಯಲಲ್ಲಿ ಓಡಾಡಿ ಶತ್ರುವಿನ ಮೇವು ದಾರಿ ಕತ್ತರಿಸ್ತಿದ್ದ, ಟಿಪ್ಪು ಕೊನೆಗೆ ಕೋಟೆಯೊಳಗೆ ಕೂತ ಅನ್ನೋದು ಆ ಕಾಲದ ಇಂಗ್ಲಿಷ್ ಸೈನಿಕರು ಮಾಡಿದ ಲೆಕ್ಕಾಚಾರ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳ ಒತ್ತೆ ಕೊಡಬೇಕಾಯ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ, ಗಾಯಗೊಂಡ ಟಿಪ್ಪು ಕೋಟೆ ಬಾಗಿಲ ಹತ್ತಿರ ಕುದುರೆ ಮೇಲೇ ಇದ್ದ. ಕುದುರೆಯೂ ಏಟು ತಿಂದು ಕುಸಿಯಿತು. ಅಲ್ಲೇ ಅವನ ಕಥೆ ಮುಗೀತು.

ಆಮೇಲೆ ಆ ಲಾಯ

ಅರಸು ಹೋದರೂ ತಳಿ ಉಳೀತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1807ರ ಒಪ್ಪಂದದ ಪ್ರಕಾರ ಮೈಸೂರು ಸರ್ಕಾರ 4000 ಸವಾರರನ್ನ ಸಾಕಬೇಕಿತ್ತು. ಅದೇ ವರ್ಷ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದು ನಮ್ಮ ಯಳಂದೂರು. ಸೈನ್ಯಕ್ಕೆ ಕುದುರೆ ಬೇಕಾದ ಕಾಲ ಮುಗಿದ ಮೇಲೆ ಕುಣಿಗಲ್ ರೇಸ್ ಕುದುರೆಗಳ ತವರಾಯ್ತು. ಸರ್ಕಾರದ ಪಶುಸಂಗೋಪನೆ ಇಲಾಖೆ ಕೈಯಲ್ಲಿದ್ದ ಫಾರಂ 1992ರಲ್ಲಿ 30 ವರ್ಷದ ಗುತ್ತಿಗೆಗೆ ಯುಬಿ ಗ್ರೂಪ್ ಪಾಲಾಯ್ತು.

ಇಲ್ಲಿಗೆ ಬಂದರೆ ಲೆಕ್ಕ ಬದಲಾಗುತ್ತೆ. ಟಿಪ್ಪು ಕಾಲದಲ್ಲಿ ಕುದುರೆಯ ಪರೀಕ್ಷೆ ಯುದ್ಧದಲ್ಲಿ. ಈಗ ಪರೀಕ್ಷೆ ಮೈಸೂರು, ಬೆಂಗಳೂರಿನ ರೇಸ್ ಕೋರ್ಸಲ್ಲಿ. ಗೆದ್ದ ಗಂಡು ಕುದುರೆ ನಿವೃತ್ತಿ ಆದ ಮೇಲೆ ಬೀಜದ ಕುದುರೆ ಆಗುತ್ತೆ. ರೇಸ್ ತಳಿಗೆ ಕೃತಕ ಗರ್ಭಧಾರಣೆ ನಡೆಯಲ್ಲ, ನೇರವಾಗಿ ಕೂಡಿದರೆ ಮಾತ್ರ ಮರಿಗೆ ದಾಖಲೆ. ನಮ್ಮ ಹಸುಗಳ ಥರ ಕಡ್ಡಿಯಲ್ಲಿ ಬೀಜ ತಂದು ಹಾಕೋ ಹಾಗಿಲ್ಲ. ಹೆಣ್ಣು ಕುದುರೆ 11 ತಿಂಗಳು ಹೊತ್ತು ಒಂದು ಮರಿ ಹಾಕುತ್ತೆ. ಅದೇ ಬೇಡಿಕೆ ಇರೋ ಗಂಡು ಕುದುರೆ ಒಂದು ಸೀಸನ್‌ನಲ್ಲಿ ನೂರು ಹೆಣ್ಣು ಕುದುರೆಗಳಿಗೂ ಕೂಡಬಹುದು. ಆದ್ದರಿಂದಲೇ ಗಂಡಿಗೆ ಅಷ್ಟು ಬೆಲೆ.

ಯುದ್ಧಕ್ಕೂ ರೇಸಿಗೂ ನಂಟು ಇಲ್ಲಿ ಮಾತ್ರ ಅಲ್ಲ. ಪ್ರಪಂಚದ ರೇಸ್ ಕುದುರೆಗಳೆಲ್ಲ ಇಂಗ್ಲೆಂಡಿಗೆ ಹೋದ ಮೂರು ಪೂರ್ವದ ಗಂಡು ಕುದುರೆಗಳ ವಂಶ. ಅದರಲ್ಲಿ ಬೈಯರ್ಲಿ ಟರ್ಕ್ ಅನ್ನೋದು 1690ರ ಬಾಯ್ನ್ ಯುದ್ಧದಲ್ಲಿ ಸೈನ್ಯಾಧಿಕಾರಿಯೊಬ್ಬನ ಸವಾರಿ ಕುದುರೆ. ಹೈದರ್ ಮದ್ರಾಸ್ ಬಾಗಿಲಿಗೆ ಹೋದ 1769ರಲ್ಲೇ ಇಂಗ್ಲೆಂಡಲ್ಲಿ ಎಕ್ಲಿಪ್ಸ್ ಅನ್ನೋ ಕುದುರೆ ಓಡೋಕೆ ಶುರು ಮಾಡಿ, 18 ರೇಸಲ್ಲಿ ಒಂದನ್ನೂ ಸೋಲದೆ ಬೀಜಕ್ಕೆ ಹೋಯ್ತು. ಇವತ್ತಿನ ರೇಸ್ ಕುದುರೆಗಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಗಂಡು ಸಾಲಲ್ಲಿ ಅದರ ಸಂತಾನವೇ.

ಹಾಗಂತ ಗೆದ್ದದ್ದೆಲ್ಲ ಬೀಜಕ್ಕೆ ಆಗುತ್ತೆ ಅಂತಲ್ಲ. ಅಮೆರಿಕದ ಸಿಗಾರ್ ಸತತ 16 ರೇಸ್ ಗೆದ್ದು 1996ರಲ್ಲಿ ನಿವೃತ್ತಿ ಆಯ್ತು, ಆಮೇಲೆ ನೋಡಿದರೆ ಬಂಜೆ. ವಿಮೆ ಕಂಪನಿ ದುಡ್ಡು ಕಟ್ಟಿಕೊಡಬೇಕಾಯ್ತು. ಸೆಕ್ರೆಟೇರಿಯಟ್‌ನ ಬೀಜಕ್ಕೆ 1973ರಲ್ಲೇ 60 ಲಕ್ಷ ಡಾಲರ್‌ಗೂ ಹೆಚ್ಚು ಬೆಲೆ ಕಟ್ಟಿದ್ದರು. ಗಂಡು ಮರಿಗಳಲ್ಲಿ ಅಪ್ಪನಷ್ಟು ಓಡಿದ್ದು ಯಾವುದೂ ಇಲ್ಲ, ಹೆಣ್ಣು ಮರಿಗಳು ಮಾತ್ರ ಒಳ್ಳೆ ತಾಯಂದಿರಾದವು. ಇನ್ನೊಂದು ಕಡೆ ನಾರ್ದರ್ನ್ ಡ್ಯಾನ್ಸರ್ ಕುಳ್ಳ ಅಂತ ಮರಿಯಲ್ಲಿ ಯಾರೂ ಕೊಳ್ಳಲಿಲ್ಲ. ಮುಂದೆ ಅದರ ಒಂದು ಕೂಡಿಕೆಗೆ 10 ಲಕ್ಷ ಡಾಲರ್ ಕೊಟ್ಟವರಿದ್ದಾರೆ. ಕಪ್ ಗೆದ್ದದ್ದು ಸುಳಿವು ಮಾತ್ರ. ತಾಯಿ ಯಾವುದು, ಮೈಕಟ್ಟು ಹೇಗಿದೆ, ಮೊದಲ ಮರಿಗಳು ಹೇಗೆ ಓಡಿದವು ಅನ್ನೋದನ್ನ ನೋಡಿದ ಮೇಲಷ್ಟೇ ನಿಜವಾದ ಬೆಲೆ ಗೊತ್ತಾಗೋದು. ಅದಕ್ಕೆ ಐದಾರು ವರ್ಷ ಕಾಯಬೇಕು. ಬಹುಮಾನದ ಹೋರಿ ಅಂತ ಸಾಲ ಮಾಡಿ ಕರು ಕೊಳ್ಳೋ ನಮ್ಮ ಹುಡುಗರೂ ತಾಯಿ ಹಸುವನ್ನ ಒಂದ್ಸಲ ನೋಡಿ ಬರೋದು ಒಳ್ಳೇದು.

ಈಗ ಕುಣಿಗಲ್ ಮುಂದಿರೋ ಪ್ರಶ್ನೆ ಬೇರೆ. ಗುತ್ತಿಗೆ ಅವಧಿ ಮುಗಿದ ಮೇಲೆ 400 ಎಕರೆಗೂ ಮಿಕ್ಕ ಆ ಜಾಗದಲ್ಲಿ ಟೌನ್‌ಶಿಪ್ ಮಾಡೋ ಮಾತು 2024ರಲ್ಲಿ ಸರ್ಕಾರದಿಂದ ಬಂತು, ವಿರೋಧವೂ ಬಂತು. ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್ ಹತ್ತಿರದ, ಹೆದ್ದಾರಿ ಪಕ್ಕದ ನೆಲಕ್ಕೆ ಬೆಲೆ ಎಷ್ಟು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಮೃತ್ ಮಹಲ್ ಕಾವಲುಗಳು ಒಂದೊಂದಾಗಿ ಬೇರೆ ಕೆಲಸಕ್ಕೆ ಹೋದ ಮೇಲೆ ಆ ದನಗಳ ಸಂಖ್ಯೆ ಏನಾಯ್ತು ಅನ್ನೋದು ಕಣ್ಣ ಮುಂದೇ ಇದೆ. ಕಟ್ಟಡ ಯಾವಾಗ ಬೇಕಾದರೂ ಕಟ್ಟಬಹುದು. ಎರಡು ಶತಮಾನಕ್ಕೂ ಹೆಚ್ಚು ಕಾಲ ಕುದುರೆ ಮೇಯ್ದ ಹುಲ್ಲುಗಾವಲನ್ನ ಒಮ್ಮೆ ಅಗೆದರೆ ಮತ್ತೆ ಮಾಡೋಕಾಗಲ್ಲ.