ಶಾಂತಲಾದೇವಿ

ಅರಸೀಕೆರೆಯಿಂದ ಬೇಲೂರು ಹಳೇಬೀಡುಗಳಿಗೆ ಪ್ರವಾಸ ಹೋಗಿಬಂದ ಬಾಲಕಿಯರು ಶಿಲಾಬಾಲಿಕೆಯರ ಸೊಬಗನ್ನು ಬಹಳವಾಗಿ ವರ್ಣಿಸುವುದುಂಟು. ಕನ್ನಡಿ ಹಿಡಿದ ಸುಂದರಿಯೇ ಶಾಂತಲೆಯೆಂದು ಅಲ್ಲಿ ತೋರಿಸುವರು. ಅದು ಜನರ ಮಾತು. ಆಕೆಯ ಗುಣವನ್ನರಿಯಬೇಕಾದರೆ ಶಾಸನಗಳನ್ನು ನೋಡಬೇಕು.

ಶಾಂತಲೆಯ ತಂದೆ ಮಾರಸಿಂಗಯ್ಯನು ಶಿವಭಕ್ತನು. ತಾಯಿ ಮಾಚಿಕಬ್ಬೆಯು ಜಿನಭಕ್ತೆ. ಒಂದೇ ಮನೆಯಲ್ಲಿ ಎರಡು ಬಗೆಯ ಆರಾಧನೆಯನ್ನು ಕಂಡು ಬೆಳೆದ ಮಗಳು ತಾಯಿಯ ಧರ್ಮವನ್ನು ತನ್ನದಾಗಿ ಮಾಡಿಕೊಂಡಳು. ಗೀತ, ವಾದ್ಯ, ನೃತ್ಯಗಳಲ್ಲಿ ಆಕೆಯು ಪ್ರವೀಣೆಯೆಂದು ಶಾಸನಗಳು ಕೊಂಡಾಡುತ್ತವೆ. ಮುಂದೆ ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟಮಹಿಷಿಯಾದಳು.

ವಿಷ್ಣುಭಕ್ತನಾದ ಅರಸನು ೧೧೧೭ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು, ಎಂದರೆ ಈಗ ನಾವು ಚೆನ್ನಕೇಶವನೆಂದು ಕರೆಯುವ ದೇವರನ್ನು, ಪ್ರತಿಷ್ಠಿಸಿದನು. ಅದೇ ಪ್ರಾಕಾರದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಶಾಂತಲೆ. ಹಳೇಬೀಡಿನ ಜೋಡಿ ಶಿವಾಲಯಗಳಲ್ಲಿ ಒಂದಕ್ಕೆ ಆಕೆಯ ಹೆಸರಿನಿಂದ ಶಾಂತಲೇಶ್ವರವೆಂದು ಹೆಸರಾಯಿತು. ಅನ್ಯರ ಭಕ್ತಿಯನ್ನು ಗೌರವಿಸುವುದರಲ್ಲಿ ಆಕೆಗೆ ಸಂಕೋಚವಿರಲಿಲ್ಲ.

ಆದರೆ ಅರಮನೆಯಲ್ಲಿ ಅರಸನ ಒಲವು ಹರಿದ ಕಡೆಗೆ ಉಳಿದವರ ಒಲವೂ ಹರಿಯುವುದು ಲೋಕದ ವಾಡಿಕೆ. ಶಾಂತಲೆಯು ಹಾಗೆ ಹರಿದುಹೋಗಲಿಲ್ಲ. ೧೧೨೩ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥ ಜಿನನಿಗೆ ಬಸದಿಯನ್ನು ಕಟ್ಟಿಸಿದಳು. ಅದಕ್ಕೆ ಸವತಿಗಂಧವಾರಣ ಬಸದಿಯೆಂದು ಹೆಸರು. ಸವತಿಯರ ಪಾಲಿಗೆ ಮದ್ದಾನೆ ಎಂಬುದು ರಾಣಿಯ ಬಿರುದು. ಅಂತಃಪುರದ ಬಾಳು ಹೂವಿನ ಹಾಸಿಗೆಯಾಗಿರಲಿಲ್ಲವೆಂಬುದಕ್ಕೆ ಈ ಬಿರುದೊಂದೇ ಸಾಕು! ಕಟ್ಟಿಸಿದ ಮಾತ್ರಕ್ಕೆ ಆಕೆಯು ತೃಪ್ತಳಾಗಲಿಲ್ಲ. ನಿತ್ಯಪೂಜೆಯೂ ಮುನಿಗಳ ಆಹಾರವೂ ನಿಲ್ಲದೆ ನಡೆಯುವಂತೆ ಗುರು ಪ್ರಭಾಚಂದ್ರ ಸಿದ್ಧಾಂತದೇವರಿಗೆ ದತ್ತಿ ಬಿಟ್ಟಳು.

ನಮ್ಮ ಮೇಲಿನ ತರಗತಿಗಳ ಬಾಲಕಿಯರನ್ನು ಮುಂದೆ ಏನಾಗಬಯಸುವಿರೆಂದು ಕೇಳಿದರೆ ಉಪಾಧ್ಯಾಯಿನಿ, ವೈದ್ಯೆ ಎಂದು ಹುದ್ದೆಯ ಹೆಸರನ್ನೇ ಬರೆದುಕೊಡುವರು. ಅದು ತಪ್ಪಲ್ಲ. ಆದರೂ, ಯಾರು ಏನೆಂದರೂ ತಾವು ಬಿಟ್ಟುಕೊಡಲಾರದ್ದು ಯಾವುದೆಂಬುದನ್ನು ಅದರ ಮೇಲಿನ ಸಾಲಿನಲ್ಲಿ ಬರೆಯುವಂತೆ ನಾನು ಹೇಳುವುದುಂಟು. ಆಗ ಬಹಳ ಹೊತ್ತು ಲೇಖನಿಗಳು ಓಡುವುದಿಲ್ಲ. ಶಾಂತಲೆಗೆ ಆ ಮೇಲಿನ ಸಾಲು ತಿಳಿದಿತ್ತು. ಬಸದಿಯೂ ದತ್ತಿಯೂ ಅದರಿಂದಲೇ ಹುಟ್ಟಿದವು. ರಾಣಿಯಾಗಿದ್ದುದರಿಂದ ಧನವಿತ್ತೆಂಬುದು ನಿಜ. ಆದರೆ ಧನವುಳ್ಳ ರಾಣಿಯರು ಆಕೆಯೊಬ್ಬಳೇ ಅಲ್ಲ.

೧೧೩೧ರಲ್ಲಿ ಶಾಂತಲೆಯು ಶಿವಗಂಗೆಯಲ್ಲಿ ದೇಹವನ್ನು ಬಿಟ್ಟಳು. ಮಗಳ ಅಗಲಿಕೆಯನ್ನು ತಾಳಲಾರದೆ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಮಗಳಿಗೆ ತಾನೇ ಕಲಿಸಿದ ಧರ್ಮದಂತೆ ಸಲ್ಲೇಖನ ವ್ರತವನ್ನು ಹಿಡಿದು ಪ್ರಾಣವನ್ನು ನೀಗಿದಳು.