ನಿಲ್ಲದ ಯಂತ್ರವೂ ಅಲನ್ ಟ್ಯೂರಿಂಗನೂ

ಗಣಕಯಂತ್ರದಲ್ಲಿ ಓಡುತ್ತಿರುವ ಪ್ರೋಗ್ರಾಮೊಂದು ಕಾರ್ಯ ಮುಗಿಸಿ ತಾನಾಗಿಯೇ ನಿಲ್ಲುವುದೋ, ಕೊನೆಯಿಲ್ಲದೆ ಓಡುತ್ತಲೇ ಇರುವುದೋ ಎಂಬುದನ್ನು ಎಲ್ಲ ಸಂದರ್ಭಗಳಲ್ಲಿಯೂ ಮುಂದಾಗಿ ಹೇಳಬಲ್ಲ ವಿಧಾನ ಯಾವುದೂ ಇರಲಾರದು. ಈ ಸತ್ಯಕ್ಕೆ ತಳಹದಿ ಹಾಕಿದವನು ಅಲನ್ ಟ್ಯೂರಿಂಗ್. ಆಗಿನ್ನೂ ಇಂದಿನ ಅರ್ಥದ ಗಣಕಯಂತ್ರವೇ ಲೋಕದಲ್ಲಿರಲಿಲ್ಲವೆಂಬುದು ಸೋಜಿಗ.

ಟ್ಯೂರಿಂಗ್ 1912ರ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆ ಮದರಾಸು ಪ್ರಾಂತದಲ್ಲಿ ಸಿವಿಲ್ ಸರ್ವಿಸಿನ ಅಧಿಕಾರಿ. ತಾಯಿ ಹುಟ್ಟಿದುದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ತಂದೆತಾಯಿಗಳು ಭಾರತದಲ್ಲಿದ್ದುದರಿಂದ ಅಲನನೂ ಅವನ ಅಣ್ಣನೂ ಬಾಲ್ಯದ ಬಹುಭಾಗವನ್ನು ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ ಕಳೆಯಬೇಕಾಯಿತು. ಶಾಲೆಯಲ್ಲಿ ದೊರೆತ ಆಪ್ತಮಿತ್ರ ಕ್ರಿಸ್ಟಫರ್ ಮಾರ್ಕಮ್ 1930ರಲ್ಲಿ ಅಕಾಲಮರಣಕ್ಕೆ ತುತ್ತಾದನು. ಮರುವರ್ಷ ಟ್ಯೂರಿಂಗ್ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜನ್ನು ಸೇರಿದನು.

1936ರಲ್ಲಿ ಅವನು ಬರೆದ ಪ್ರಬಂಧದಲ್ಲಿ ಉದ್ದವಾದ ಪಟ್ಟಿಯ ಮೇಲೆ ಒಂದೊಂದೇ ಚಿಹ್ನೆಯನ್ನು ಓದುತ್ತ, ಅಳಿಸುತ್ತ, ಬರೆಯುತ್ತ ಸಾಗುವ ಕಲ್ಪನೆಯ ಯಂತ್ರವೊಂದಿದೆ. ಇಂಥ ಯಂತ್ರಗಳ ನಡತೆಯನ್ನು ಕುರಿತ ಕೆಲವು ಪ್ರಶ್ನೆಗಳಿಗೆ ಯಾವ ಯಂತ್ರವೂ ತೀರ್ಪು ನೀಡಲಾರದೆಂದು ಅವನು ಸಾಧಿಸಿದನು. ಮುಂದೆ ಇತರರು ಈ ವಾದಕ್ಕೆ ‘ನಿಲುಗಡೆಯ ಸಮಸ್ಯೆ’ ಎಂಬ ರೂಪವನ್ನು ಕೊಟ್ಟರು. ಎಲ್ಲವನ್ನೂ ಬಲ್ಲ ತೀರ್ಪುಗಾರ ಯಂತ್ರವೊಂದು ಇದೆಯೆಂದೇ ಇಟ್ಟುಕೊಳ್ಳೋಣ. ಆಗ ತನ್ನ ವಿಷಯದಲ್ಲಿ ಅದರ ತೀರ್ಪನ್ನು ಕೇಳಿ, ಅದಕ್ಕೆ ವಿರುದ್ಧವಾಗಿಯೇ ನಡೆಯುವ ಇನ್ನೊಂದು ಯಂತ್ರವನ್ನು ರಚಿಸಬಹುದು. ಅಲ್ಲಿಗೆ ತೀರ್ಪು ಸುಳ್ಳಾಯಿತು.

1939ರಲ್ಲಿ ಯುದ್ಧ ಆರಂಭವಾದೊಡನೆ ಟ್ಯೂರಿಂಗ್ ಬ್ಲೆಚ್‌ಲಿ ಪಾರ್ಕಿಗೆ ಹೋದನು. ಪೋಲೆಂಡಿನ ಗಣಿತಜ್ಞರು ತೋರಿದ ದಾರಿಯಲ್ಲಿ ಮುಂದುವರಿದು, ಜರ್ಮನರ ಎನಿಗ್ಮಾ ಗೂಢಲಿಪಿಯನ್ನು ಭೇದಿಸುವ ಯಂತ್ರವನ್ನು ರೂಪಿಸಿದನು. ಈ ಸೇವೆ ದಶಕಗಳ ಕಾಲ ರಹಸ್ಯವಾಗಿಯೇ ಉಳಿಯಿತು. 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯವನ್ನು ಸೇರಿದನು. 1951ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದನು. ಮರುವರ್ಷವೇ ಸಲಿಂಗಪ್ರೇಮವೆಂಬ ಕಾರಣಕ್ಕೆ ನ್ಯಾಯಾಲಯ ಅವನನ್ನು ಅಪರಾಧಿಯೆಂದಿತು. ಸೆರೆಮನೆಯನ್ನು ತಪ್ಪಿಸಿಕೊಳ್ಳಲು ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. 1954ರ ಜೂನ್ 7ರಂದು, 41ನೆಯ ವಯಸ್ಸಿನಲ್ಲಿ, ಸಯನೈಡಿನಿಂದ ಮೃತನಾದನು. ವಿಚಾರಣೆ ಅದನ್ನು ಆತ್ಮಹತ್ಯೆಯೆಂದಿತು. ಬ್ರಿಟನ್ನಿನ ಪ್ರಧಾನಿ 2009ರಲ್ಲಿ ಸರ್ಕಾರದ ಪರವಾಗಿ ಕ್ಷಮೆ ಯಾಚಿಸಿದರು. 2013ರಲ್ಲಿ ರಾಣಿಯ ಕ್ಷಮಾದಾನವೂ ಬಂದಿತು. ಎರಡನ್ನೂ ಸ್ವೀಕರಿಸಲು ಅವನಿರಲಿಲ್ಲ.

ಅವನು ತೀರಿಕೊಂಡ 15 ವರ್ಷಗಳ ಬಳಿಕ, 1969ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ವ್ಯವಸ್ಥೆಯ ರಚನೆ ಆರಂಭವಾಯಿತು. ಅದರಲ್ಲಿಯೂ ಅದರ ಮಾದರಿಯ ಲಿನಕ್ಸಿನಲ್ಲಿಯೂ ಓಡುವ ಪ್ರತಿಯೊಂದು ಪ್ರಕ್ರಿಯೆಗೂ ಒಂದು ಸಂಖ್ಯೆಯುಂಟು. ‘ಕಿಲ್’ ಎಂಬ ಆಜ್ಞೆಯೊಡನೆ ಆ ಸಂಖ್ಯೆಯನ್ನು ಟೈಪು ಮಾಡಿದರೆ 15ನೆಯ ಸಂಕೇತ ಹೊರಡುತ್ತದೆ. ಅದು ಹೆಸರಿನಷ್ಟು ಕ್ರೂರವಲ್ಲ, ಬರಿಯ ವಿಜ್ಞಾಪನೆ; ಪ್ರಕ್ರಿಯೆಯು ತೆರೆದ ಕಡತಗಳನ್ನು ಮುಚ್ಚಿ ಹೊರಡಬಹುದು, ಕೇಳದೆಯೂ ಇರಬಹುದು. 9ನೆಯ ಸಂಕೇತವನ್ನಾದರೋ ತಡೆಯುವಂತಿಲ್ಲ. ಅರ್ಧ ಬರೆದದ್ದು ಅರ್ಧದಲ್ಲಿಯೇ ನಿಲ್ಲುತ್ತದೆ. ಆದುದರಿಂದ ಬಲ್ಲವರು ಮೊದಲು 15ನ್ನು ಕಳುಹಿಸಿ, ತುಸು ಕಾದು, ಅನಿವಾರ್ಯವಾದಾಗ ಮಾತ್ರ 9ನ್ನು ಬಳಸುತ್ತಾರೆ.

ಎಷ್ಟು ಹೊತ್ತು ಕಾಯಬೇಕೆಂಬುದನ್ನು ಮಾತ್ರ ಯಾವ ಯಂತ್ರವೂ ಖಚಿತವಾಗಿ ಹೇಳಿಕೊಡಲಾರದು. ಆ ವಿವೇಚನೆ ಮನುಷ್ಯನ ಪಾಲಿಗೇ ಉಳಿದಿದೆ. ಏಕೆ ಉಳಿದಿದೆಯೆಂಬುದಕ್ಕೆ ಉತ್ತರ 1936ರ ಆ ಪ್ರಬಂಧದಲ್ಲಿದೆ.