ಕುಂಡದೊಳಗಿನ ಬಟಾಣಿ ಗಿಡ ಮತ್ತು ಫಾಲ್ಕೆ

ದಾದಾಸಾಹೇಬ್ ಫಾಲ್ಕೆ, ರಾಜಾ ಹರಿಶ್ಚಂದ್ರ, 1913. ಇಷ್ಟು ನಮಗೆಲ್ಲ ಶಾಲೆಯ ಕ್ವಿಜ್‌ನಿಂದಲೇ ಬಾಯಿಪಾಠ. ಆದರೆ ಹರಿಶ್ಚಂದ್ರನಿಗಿಂತ ಮೊದಲೇ ಅವರು ಇನ್ನೊಂದು ಚಿತ್ರ ಮಾಡಿದ್ದರು. ಅದರಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ. ಇದ್ದದ್ದು ಒಂದು ಕುಂಡ, ಅದರಲ್ಲೊಂದು ಬಟಾಣಿ ಗಿಡ, ಅಷ್ಟೇ. ನಮ್ಮ ದೇಶದಲ್ಲಿ ಪ್ರಕೃತಿಯ ಬಗ್ಗೆ ಕಿರುಚಿತ್ರ ಮಾಡೋರೆಲ್ಲ ಮೊದಲು ನೆನೆಸಿಕೊಳ್ಳಬೇಕಾದ ಚಿತ್ರ ಅದು ಅಂತ ನಮ್ಮ ಅನಿಸಿಕೆ.

ಅವರ ಪೂರ್ತಿ ಹೆಸರು ಧುಂಡಿರಾಜ ಗೋವಿಂದ ಫಾಲ್ಕೆ. ಹುಟ್ಟಿದ್ದು 1870ರ ಏಪ್ರಿಲ್ 30, ನಾಸಿಕ ಹತ್ತಿರದ ತ್ರ್ಯಂಬಕದಲ್ಲಿ. ತಂದೆ ಸಂಸ್ಕೃತ ಪಂಡಿತರು. ಮಗ ಮಾತ್ರ ಚಿತ್ರ ಬರೆಯೋ ಹುಚ್ಚಿಗೆ ಬಿದ್ದು ಮುಂಬಯಿಯ ಜೆ. ಜೆ. ಕಲಾ ಶಾಲೆ ಸೇರಿದರು, ಆಮೇಲೆ ಬರೋಡಾದ ಕಲಾಭವನ. ಚಿತ್ರಕಲೆ, ಫೋಟೋಗ್ರಫಿ, ಅಚ್ಚಿನ ಕೆಲಸ, ಅದರ ಜೊತೆ ಜಾದೂ ಕೂಡ. ಈಗಿನವರು ಇದಕ್ಕೆ ಮಲ್ಟಿ-ಟ್ಯಾಲೆಂಟ್ ಅಂತಾರೆ. ಆಗಿನವರಿಗೆ ಒಂದು ಕಡೆ ನಿಲ್ಲದ ಹುಡುಗ ಅಂತ ಅನಿಸಿದ್ದರೂ ಆಶ್ಚರ್ಯವಿಲ್ಲ.

ಗೋಧ್ರಾದಲ್ಲಿ ಫೋಟೋ ಸ್ಟುಡಿಯೋ ಇಟ್ಟರು. ಅಲ್ಲಿ ಪ್ಲೇಗ್ ಬಂದು ಹೆಂಡತಿ, ಮಗು ಇಬ್ಬರೂ ಹೋದರು. ಸ್ಟುಡಿಯೋ ಮುಚ್ಚಿತು. 1903ರಲ್ಲಿ ಪುರಾತತ್ವ ಇಲಾಖೆಯ ನೌಕರಿ ಸಿಕ್ಕಿತು, ಮೂರು ವರ್ಷಕ್ಕೆ ಅದನ್ನೂ ಬಿಟ್ಟರು. ಲೋಣಾವಳದಲ್ಲಿ ರಾಜಾ ರವಿವರ್ಮನ ಮುದ್ರಣಾಲಯಕ್ಕೆ ಬ್ಲಾಕ್ ಮಾಡಿಕೊಟ್ಟರು. ಸ್ವಂತ ಪ್ರೆಸ್ ಹಾಕಿ ಬಣ್ಣದ ಮುದ್ರಣ ಕಲಿಯೋಕೆ ಜರ್ಮನಿಗೂ ಹೋಗಿ ಬಂದರು. ಪಾಲುದಾರರ ಜೊತೆ ಜಗಳವಾಗಿ ಅದೂ ಕೈಬಿಟ್ಟಿತು. ವಯಸ್ಸು ನಲವತ್ತು, ಕೈಯಲ್ಲಿ ಕೆಲಸ ಇಲ್ಲ. ಮನೆಯಲ್ಲಿ ಎರಡನೇ ಹೆಂಡತಿ ಸರಸ್ವತಿಬಾಯಿ ಮತ್ತು ಮಕ್ಕಳು.

1911ರ ಏಪ್ರಿಲ್‌ನಲ್ಲಿ ಮಗ ಭಾಲಚಂದ್ರನನ್ನು ಕರೆದುಕೊಂಡು ಗಿರಗಾಂವದ ಒಂದು ಟಾಕೀಸಿಗೆ ಹೋದರು. ಅಲ್ಲಿ ನೋಡಿದ್ದು ಪ್ರಾಣಿಗಳ ಚಿತ್ರ. ಪರದೆ ಮೇಲೆ ಪ್ರಾಣಿಗಳು ಓಡಾಡ್ತವೆ ಅಂತ ಹುಡುಗ ಮನೆಗೆ ಬಂದು ಹೇಳಿದರೆ ಯಾರೂ ನಂಬಲಿಲ್ಲ. ಹಾಗಾಗಿ ಮರುದಿನ ಎಲ್ಲರನ್ನೂ ಕರೆದುಕೊಂಡು ಹೋದರು. ಈಸ್ಟರ್ ಇದ್ದದ್ದರಿಂದ ಅವತ್ತು ಏಸುವಿನ ಜೀವನದ ಚಿತ್ರ ಹಾಕಿದ್ದರು. ಅದನ್ನು ನೋಡುತ್ತಾ ಫಾಲ್ಕೆ ಅವರಿಗೆ ನಮ್ಮ ರಾಮ, ಕೃಷ್ಣರನ್ನು ಹೀಗೇ ಪರದೆಗೆ ತರಬೇಕು ಅನಿಸಿತು. ಈ ಎರಡನೇ ದಿನದ ಕಥೆಯನ್ನು ಎಲ್ಲರೂ ಹೇಳ್ತಾರೆ. ಮೊದಲನೇ ದಿನದ ಪ್ರಾಣಿಗಳನ್ನು ಮಾತ್ರ ಯಾಕೋ ಮರೀತಾರೆ.

ಅಲ್ಲಿಂದ ಒಂದು ವರ್ಷ ಬೇರೆ ಯೋಚನೆಯೇ ಇಲ್ಲ. ದಿನಾ ಸಿನಿಮಾ ನೋಡೋದು, ಸಾಮಾನು ತರಿಸಿ ಬಿಚ್ಚಿ ನೋಡೋದು, ನಿದ್ದೆ ಬಿಡೋದು. ಕೊನೆಗೆ ಕಣ್ಣೇ ಕಾಣದ ಸ್ಥಿತಿ ಬಂತು. ಡಾಕ್ಟರ ಚಿಕಿತ್ಸೆ, ಬೇರೆ ಬೇರೆ ಕನ್ನಡಕ ಆದಮೇಲೆ ದೃಷ್ಟಿ ವಾಪಸ್ ಬಂತು. ಬಂದದ್ದೇ ತಡ, ವಿಮಾ ಪಾಲಿಸಿ ಒತ್ತೆಯಿಟ್ಟು 1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹೊರಟರು. ಅಲ್ಲಿ ಗುರುತಿನವರು ಯಾರೂ ಇಲ್ಲ. ಬಯೋಸ್ಕೋಪ್ ಪತ್ರಿಕೆಯ ಸಂಪಾದಕರ ಆಫೀಸಿಗೆ ನೇರ ನುಗ್ಗಿ ಪರಿಚಯ ಮಾಡಿಕೊಂಡರು. ಅವರ ಮೂಲಕ ಸೆಸಿಲ್ ಹೆಪ್‌ವರ್ತ್ ಅವರ ಸ್ಟುಡಿಯೋ ನೋಡಿದರು. ಎರಡು ವಾರದಲ್ಲಿ ಕಲಿತಷ್ಟು ಕಲಿತು, ವಿಲಿಯಮ್ಸನ್ ಕ್ಯಾಮೆರಾ ಮತ್ತು ಫಿಲ್ಮಿಗೆ ತೂತು ಹಾಕೋ ಯಂತ್ರಕ್ಕೆ ಆರ್ಡರ್ ಕೊಟ್ಟು ಬಂದರು.

ಕ್ಯಾಮೆರಾ ಬಂತು, ದುಡ್ಡು ಖಾಲಿ. ಸಾಲ ಕೇಳಿದರೆ ಜನ ಕೊಡಲಿಲ್ಲ. ಅವರದೂ ತಪ್ಪಿಲ್ಲ ಬಿಡಿ. ಕುರುಡಾಗೋ ತನಕ ಸಿನಿಮಾ ನೋಡಿದ ಮನುಷ್ಯನಿಗೆ ಯಾರು ದುಡ್ಡು ಕೊಡ್ತಾರೆ? ಮಾತಿನಲ್ಲಿ ಒಪ್ಪಿಸೋಕೆ ಆಗಲ್ಲ, ತೋರಿಸಿಯೇ ಒಪ್ಪಿಸಬೇಕು ಅಂತ ಗೊತ್ತಾಗಿ ಕುಂಡದಲ್ಲಿ ಬಟಾಣಿ ಹಾಕಿ ಅದರ ಮುಂದೆ ಕ್ಯಾಮೆರಾ ನಿಲ್ಲಿಸಿದರು. ಒಂದು ತಿಂಗಳಿಗೂ ಹೆಚ್ಚು ಕಾಲ ಚಿತ್ರೀಕರಣ ನಡೆಯಿತು. ಮೊಳಕೆ ಒಡೆದು, ಎಲೆ ಬಿಟ್ಟು, ಬಳ್ಳಿಯಾಗಿ ಹಬ್ಬೋದೆಲ್ಲ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿನ ಚಿತ್ರವಾಯಿತು. ಹೆಸರು 'ಅಂಕುರಾಚೀ ವಾಢ', ಅಂದರೆ ಮೊಳಕೆಯ ಬೆಳವಣಿಗೆ. ನಾವು ಈಗ ಟೈಮ್‌ಲ್ಯಾಪ್ಸ್ ಅನ್ನೋದು ಇದನ್ನೇ.

ಕೆಲವು ಕಡೆ ದಿನಕ್ಕೊಂದು ಫ್ರೇಮ್ ತೆಗೆದರು ಅಂತ ಬರೆದಿರ್ತಾರೆ. ನಾವು ಇಂಜಿನಿಯರಿಂಗ್ ಹುಡುಗರು, ಲೆಕ್ಕ ಹಾಕದೆ ಬಿಡಲ್ಲ. ಆ ಕಾಲದ ಮೂಕಿ ಚಿತ್ರಕ್ಕೆ ಸೆಕೆಂಡಿಗೆ 16 ಫ್ರೇಮ್ ಅಂತ ಹಿಡಿಯೋಣ. ಒಂದು ನಿಮಿಷಕ್ಕೆ 960 ಫ್ರೇಮ್ ಬೇಕು. ದಿನಕ್ಕೊಂದರಂತೆ 35 ದಿನ ತೆಗೆದರೆ ಚಿತ್ರ ಎರಡು ಸೆಕೆಂಡಿಗೆ ಮುಗಿದು ಹೋಗುತ್ತೆ. ಹಾಗಾಗಿ ದಿನಕ್ಕೆ ಸುಮಾರು 27 ಫ್ರೇಮ್ ತೆಗೆದಿರಲೇಬೇಕು. ಹಗಲಿನ 12 ತಾಸು ಮಾತ್ರ ಅಂದರೆ ಹೆಚ್ಚು ಕಡಿಮೆ ಅರ್ಧ ತಾಸಿಗೊಂದು. ನಾವು ನಾಲ್ಕು ಜನ ಈ ಮಳೆಗಾಲದಲ್ಲಿ ಯಮಕನಮರಡಿ ಸುತ್ತಿನ ಗುಡ್ಡ ಹಸಿರಾಗೋದನ್ನು ಕ್ಲಬ್ಬಿನ ಕಿರುಚಿತ್ರಕ್ಕೆ ಹಿಡೀತಾ ಇದ್ದೀವಿ (ಮರಡಿ ಅಂದ್ರೇ ಗುಡ್ಡ, ಊರ ಹೆಸರಲ್ಲೇ ಲೊಕೇಶನ್ ಇದೆ). ಮೊಬೈಲಿಗೆ ಸಮಯ ಹೇಳಿ ಸ್ಟ್ಯಾಂಡಿಗೆ ಸಿಕ್ಕಿಸಿದರೆ ಮುಗೀತು, ಫೋಟೋ ತಾನೇ ತೆಗೆದುಕೊಳ್ಳುತ್ತೆ. ಫಾಲ್ಕೆ ಅವರದು ಕೈಯಲ್ಲಿ ತಿರುಗಿಸೋ ಕ್ಯಾಮೆರಾ. ಅರ್ಧ ತಾಸಿಗೊಮ್ಮೆ ಎದ್ದು ಬರಬೇಕು, ಕುಂಡ ಅಲುಗಾಡಬಾರದು. ಮನೆ ತುಂಬ ಮಕ್ಕಳಿದ್ದರು ಅನ್ನೋದು ನೆನಪಿರಲಿ. ಮೋಡ ಬಂದರೆ ಬೆಳಕು ಬದಲಾಗುತ್ತೆ, ಅದಕ್ಕೆ ನಮ್ಮ ಕೈಲೂ ಮದ್ದಿಲ್ಲ.

ಆ ಚಿತ್ರವನ್ನು ಕೆಲವರಿಗೆ ಮಾತ್ರ ತೋರಿಸಿದರು. ಅವರಲ್ಲಿ ಸಾಲ ಕೊಡೋರು ಸಿಕ್ಕರು. ಸಾಲದ ಜೊತೆ ಸರಸ್ವತಿಬಾಯಿಯ ಒಡವೆಯೂ ಹೋಯಿತು. ಬರೀ ಒಡವೆ ಕೊಟ್ಟು ಸುಮ್ಮನಾಗಲಿಲ್ಲ ಆ ತಾಯಿ. ರಾತ್ರಿ ಕತ್ತಲೆ ಕೋಣೆಯಲ್ಲಿ ಕೂತು ಫಿಲ್ಮಿಗೆ ತೂತು ಹಾಕಿದರು, ಫಿಲ್ಮ್ ತೊಳೆದರು, ಚಿತ್ರತಂಡಕ್ಕೆಲ್ಲ ಅಡುಗೆ ಮಾಡಿ ಹಾಕಿದರು. ಹೆಂಗಸರು ನಟಿಸೋಕೆ ಬರದೆ ತಾರಾಮತಿಯ ಪಾತ್ರವನ್ನು ಸಾಳುಂಕೆ ಅನ್ನೋ ಹುಡುಗ ಮಾಡಿದ, ಮಗ ಭಾಲಚಂದ್ರನೇ ರೋಹಿತಾಶ್ವ. 1913ರ ಮೇ 3ರಂದು ಚಿತ್ರ ಮುಂಬಯಿಯ ಕಾರೊನೇಶನ್ ಥಿಯೇಟರಿನಲ್ಲಿ ಬಿಡುಗಡೆಯಾಯಿತು. ಮುಂದಿನದು ನಿಮಗೂ ಗೊತ್ತು: ಲಂಕಾ ದಹನ, ಶ್ರೀಕೃಷ್ಣ ಜನ್ಮ, ಮಗಳು ಮಂದಾಕಿನಿ ಕೃಷ್ಣನಾದ ಕಾಳೀಯ ಮರ್ದನ. ನಡುನಡುವೆ ತಳೇಗಾಂವದ ಗಾಜಿನ ಕಾರ್ಖಾನೆಯ ಮೇಲೆ ಕಿರುಚಿತ್ರ, ಬೆಂಕಿಕಡ್ಡಿಗಳನ್ನೇ ಕುಣಿಸಿದ ಇನ್ನೊಂದು. ನಮಗೆ ಈ ಸಣ್ಣವೇ ಹೆಚ್ಚು ಇಷ್ಟ.

ಹರಿಶ್ಚಂದ್ರ ನೋಡಿ ಹುಚ್ಚು ಹತ್ತಿಸಿಕೊಂಡವರಲ್ಲಿ ನಮ್ಮ ಪಕ್ಕದ ಕೊಲ್ಹಾಪುರದ ಬಾಬುರಾವ್ ಪೇಂಟರ್ ಒಬ್ಬರು. ಹೈವೇ ಹಿಡಿದರೆ ಯಮಕನಮರಡಿಯಿಂದ ಒಂದೂವರೆ ತಾಸಿನ ದಾರಿ. ಅಲ್ಲಿ ಅವರು ಕ್ಯಾಮೆರಾವನ್ನು ತರಿಸದೆ ತಾವೇ ತಯಾರಿಸಿದರು. ಅದರ ಬಗ್ಗೆ ಬೇರೆ ಲೇಖನವೇ ಬೇಕು. ಫಾಲ್ಕೆ ಅವರ ಕೊನೆಯ ಕೆಲಸವೂ ಕೊಲ್ಹಾಪುರದಲ್ಲೇ ಆದದ್ದು. ಅಷ್ಟೊತ್ತಿಗೆ ಟಾಕಿ ಬಂದು ಮೂಕಿಯ ಕಾಲ ಮುಗಿದಿತ್ತು, ಸ್ವಂತ ಕಂಪನಿಯ ಜಗಳಗಳಲ್ಲಿ ಅವರೂ ಸೋತಿದ್ದರು. ಕೊಲ್ಹಾಪುರ ಸಿನೆಟೋನ್‌ಗಾಗಿ 1937ರಲ್ಲಿ 'ಗಂಗಾವತರಣ' ಮಾಡಿದರು. ಗಂಗೆ ಭೂಮಿಗಿಳಿಯೋ ಕಥೆ, ಮಾತಾಡೋ ಚಿತ್ರವಾಗಿ ಅವರು ತೆಗೆದದ್ದು ಅದೊಂದೇ. ಆಗ ಅವರಿಗೆ 67 ವರ್ಷ.

ಆಮೇಲೆ ನಾಸಿಕಕ್ಕೆ ಹೋಗಿ ಸುಮ್ಮನಿದ್ದರು. 1944ರ ಫೆಬ್ರವರಿ 16ರಂದು ತೀರಿಕೊಂಡರು. ಅವರ ಹೆಸರಿನ ಪ್ರಶಸ್ತಿ ಶುರುವಾಗಿದ್ದು 1969ರಲ್ಲಿ. ಮೊದಲ ಸಲ ಅದು ಸಿಕ್ಕಿದ್ದು ದೇವಿಕಾ ರಾಣಿಗೆ. 1995ರ ಪ್ರಶಸ್ತಿ ನಮ್ಮ ಡಾ. ರಾಜ್‌ಕುಮಾರ್ ಅವರಿಗೆ. 2008ರದ್ದು ಮೈಸೂರಿನ ವಿ. ಕೆ. ಮೂರ್ತಿ ಅವರಿಗೆ, ಅವರು ಕ್ಯಾಮೆರಾಮನ್. ಕ್ಯಾಮೆರಾ ಹಿಡಿಯೋರಿಗೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು.